ತಗಡಿನ ಮೇಲೆ ಒಣಗಿದ ಮಣ್ಣು

"ಎಡಗಡೆ ಇನ್ನೊಂಚೂರು ಎಳೀರಪ್ಪಾ, ಸಾರ್ ಮುಖಾನೇ ಮಡಚ್ಕೊಂಡಿದೆ," ಎಂದು ನಿಂಗರಾಜು ಕೆಳಗಿನಿಂದ ಕೂಗಿದರು.

ಹೊಂಗೆಮರ ಹತ್ತಿದ್ದವನು ಹಗ್ಗ ಬಿಗಿದ. ಫ್ಲೆಕ್ಸು ಬಿಚ್ಚಿಕೊಂಡು ಚಲುವರಾಜು ಅವರ ಮುಖ ನೆಟ್ಟಗಾಯಿತು. ಕೆಳಗೆ ಕೆಂಪಕ್ಷರ: 'ಜಗತ್ತಿನಾದ್ಯಂತ ನಾನೂರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡ ಮಣ್ಣಿನ ವಿಜ್ಞಾನಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಅದರಡಿಯಲ್ಲಿ ವಿಶ್ವವಿದ್ಯಾಲಯದ ವಿಭಾಗದ ಹೆಸರು, ವಿಭಾಗದ ಮುಖ್ಯಸ್ಥ ನಿಂಗರಾಜು ಅವರ ಹೆಸರು, ಒಂದು ಮೂಲೆಯಲ್ಲಿ ಕೈಮುಗಿದ ಅವರದೇ ಫೋಟೊ.

ಪ್ರಮೀಳಾ ಹಾರದ ಬುಟ್ಟಿ ಹಿಡಿದು ಕಾರಿನ ಪಕ್ಕ ನಿಂತಿದ್ದಳು. ಅದೇ ವಿಭಾಗದಲ್ಲಿ ಅವಳು ಸಹಾಯಕ ಪ್ರಾಧ್ಯಾಪಕಿ. ಚಲುವರಾಜು ಅವಳಿಗೆ ಪಾಠ ಹೇಳಿದವರು, ಪಿಎಚ್‌ಡಿ ಮಾಡಿಸಿದವರು. ನಿನ್ನೆ ಮಧ್ಯಾಹ್ನ ತರಗತಿ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಬೆಳಿಗ್ಗೆ ಕಿರಂಗೂರಿನ ಅವಳ ಮನೆಯ ಮುಂದೆ ಕಾರು ನಿಲ್ಲಿಸಿ ನಿಂಗರಾಜು ಅವಳನ್ನು ಹತ್ತಿಸಿಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಇತಿಹಾಸ ವಿಭಾಗದ ಜಾಹಿದ್ ಇದ್ದರು. ಚಲುವರಾಜು ಅವರ ಊರಾದ ಸಿಂಧಘಟ್ಟಕ್ಕೆ ಮೂವರೂ ಒಟ್ಟಿಗೆ ಬಂದಿದ್ದರು.

ಜಾಹಿದ್ ಕತ್ತೆತ್ತಿ ಫ್ಲೆಕ್ಸನ್ನು ಓದಿದರು. "ನಾವು ಹಿಸ್ಟರಿಯೋರು ಸತ್ರೆ ಏನು ಬರೆಸ್ತೀರಿ ನಿಂಗರಾಜು ಸಾಹೇಬ್ರೇ? 'ಮೂರು ಸಲ ಉಲ್ಲೇಖಗೊಂಡವರು, ಅದರಲ್ಲಿ ಎರಡು ಸಲ ಸ್ವಂತ ಶಿಷ್ಯರಿಂದ' ಅಂತಾನಾ?"

"ಸಾವಿನ ಮನೇಲೂ ಬಿಡಲ್ವಲ್ಲ ನೀವು," ಎಂದರು ನಿಂಗರಾಜು. ಆಮೇಲೆ ಪ್ರಮೀಳಾಳ ಕಡೆ ತಿರುಗಿ ದನಿ ತಗ್ಗಿಸಿದರು. "ಬನ್ನಿ ಮೇಡಂ, ಒಂದ್ನಿಮಿಷ."

ಕೊಟ್ಟಿಗೆಯ ಗೋಡೆಯ ಮಗ್ಗುಲಿಗೆ ಕರೆದೊಯ್ದರು.

"ಗುಂಡಿ ಹತ್ರ ನುಡಿನಮನ ಇಟ್ಕೊಂಡಿದೀವಿ. ನೀವೂ ಎರಡು ಮಾತಾಡ್ಬೇಕು. ಆ ತಗಡಿನ ವಿಷಯ ಇವತ್ತಾದ್ರೂ ನೀವೇ ಹೇಳ್ಬಿಡಿ. ನಿಮ್ಮ ಮನಸ್ಸೂ ಹಗುರ ಆಗುತ್ತೆ."

"ಯಾವ ತಗಡಿನ ವಿಷಯ ಸಾರ್?"

ನಿಂಗರಾಜು ನಕ್ಕರು. ಸಂಕೋಚಪಡುವವರನ್ನು ಸಮಾಧಾನಪಡಿಸುವ ನಗು. "ನಮಗೆಲ್ಲ ಗೊತ್ತಿರೋದೇ ಬಿಡಿ. ಮಣ್ಣನ್ನ ತಗಡಿನ ಮೇಲೆ ಒಣಗಿಸಿದ್ದು ನೀವು ಅಂತ ಸಾರ್ ಆವಾಗ್ಲೇ ಹೇಳಿದ್ರು. 'ಎಂಎಸ್ಸಿ ಹುಡುಗಿ ಕಣ್ರೀ, ತಿಳೀದೆ ಮಾಡಿದಾಳೆ. ಅವಳ ಹೆಸರು ಎಲ್ಲೂ ಬರೋದು ಬೇಡ, ತಪ್ಪು ನನ್ನ ತಲೆ ಮೇಲೇ ಇರ್ಲಿ' ಅಂದ್ರು. ಎಂಥ ದೊಡ್ಡ ಮನಸ್ಸು! ಯಾರು ಮಾಡ್ತಾರೆ ಈ ಕಾಲದಲ್ಲಿ?"

ಬುಟ್ಟಿಯ ಹಿಡಿ ಪ್ರಮೀಳಾಳ ಬೆರಳುಗಳನ್ನು ಒತ್ತುತ್ತಿತ್ತು. ಕೆಳಗಿಡಬೇಕೆಂದು ಅವಳಿಗೆ ತೋಚಲಿಲ್ಲ.

"ಯಾರ್ಯಾರಿಗೆ ಹೇಳಿದಾರೆ?"

"ನಮ್ಮ ವಿಭಾಗದಲ್ಲಿ ಎಲ್ರಿಗೂ. ಸೆಲೆಕ್ಷನ್ ಕಮಿಟಿಯೋರ ಕಿವಿಗೂ ಬಿದ್ದಿತ್ತು ಅನ್ಸುತ್ತೆ. ಅದಕ್ಕೇ ನಿಮ್ಮ ಪ್ರಮೋಷನ್ನು... ಹೋಗ್ಲಿ ಬಿಡಿ, ಅದು ಹಳೇದಾಯ್ತು. ಒಂದ್ಮಾತು ಕೃತಜ್ಞತೆ ಹೇಳಿ, ಸಾಕು."

ಅವರು ಫ್ಲೆಕ್ಸಿನ ಕಡೆ ನಡೆದರು. ಪ್ರಮೀಳಾ ಗೋಡೆಗೆ ಒರಗಬಾರದೆಂದು ಎಚ್ಚರವಹಿಸಿ ನಿಂತೇ ಇದ್ದಳು. ಒರಗಿದರೆ ಯಾರಾದರೂ ನೋಡಿ ನೀರು ತರುತ್ತಾರೆ, ಏನಾಯಿತೆಂದು ಕೇಳುತ್ತಾರೆ.

*

ಅಕ್ಕಿಹೆಬ್ಬಾಳಿನ ಗದ್ದೆಗಳಲ್ಲಿ ಅವತ್ತು ಮೊಣಕಾಲುದ್ದ ಕೆಸರಿತ್ತು. ಆಗ ಪ್ರಮೀಳಾ ಎಂಎಸ್ಸಿಯಲ್ಲಿದ್ದಳು. ಹೇಮಾವತಿಯ ನೀರು ಹರಿಯುವ ಗದ್ದೆಗಳ ಮಣ್ಣಿನಲ್ಲಿ ಜಿಂಕ್ ಎಷ್ಟಿದೆ ಎಂದು ಚಲುವರಾಜು ನೋಡಬೇಕಿತ್ತು. ಜಿಂಕ್ ಕಡಿಮೆಯಾದರೆ ಭತ್ತದ ಎಲೆಗೆ ತುಕ್ಕಿನ ಬಣ್ಣ ಬರುತ್ತದೆ, ಪೈರು ಕುಗ್ಗುತ್ತದೆ. ಅವಳೂ ಜೊತೆಯ ಹುಡುಗಿಯರೂ ಮಣ್ಣನ್ನು ಚೀಲಗಳಿಗೆ ತುಂಬಿ ಚೀಟಿ ಬರೆದು ಕಟ್ಟುವಷ್ಟರಲ್ಲಿ ಮಳೆ ಹಿಡಿಯಿತು.

"ನೀವು ಹೊರಡ್ರಮ್ಮ, ರೈಲು ತಪ್ಪಿದ್ರೆ ಕಷ್ಟ," ಎಂದರು ಚಲುವರಾಜು. "ಇದನ್ನ ನಮ್ಮೂರಿಗೆ ತಗೊಂಡ್ಹೋಗಿ ನಾನೇ ಒಣಗಿಸಿ ತರ್ತೀನಿ." ಚೀಲಗಳೆಲ್ಲ ಟೆಂಪೋ ಹತ್ತಿದವು. ಪ್ರಮೀಳಾ ಸ್ಟೇಷನ್ನಿನಲ್ಲಿ ಕಾಲು ತೊಳೆದುಕೊಂಡು ರೈಲು ಹತ್ತಿದಳು. ಆ ಮಣ್ಣನ್ನು ಅವಳು ಮತ್ತೆ ನೋಡಿದ್ದು ಪ್ರಯೋಗಾಲಯದಲ್ಲಿ, ಪುಡಿಯಾಗಿ, ಡಬ್ಬಿಗಳಲ್ಲಿ.

ಈ ಗದ್ದೆಗಳಲ್ಲಿ ಬೇಕಾದಷ್ಟು ಜಿಂಕ್ ಇದೆ, ಹೊರಗಿನಿಂದ ಹಾಕುವುದೇ ಬೇಡ ಎಂದು ಚಲುವರಾಜು ಪ್ರಕಟಿಸಿದ ಪ್ರಬಂಧ ಸಾರಿತು. ಕೆಲವು ವರ್ಷಗಳ ನಂತರ, ಪಿಎಚ್‌ಡಿಗೆಂದು ಪ್ರಮೀಳಾ ಅದೇ ಗದ್ದೆಗಳ ಮಣ್ಣನ್ನು ಮತ್ತೆ ಪರೀಕ್ಷಿಸಿದಳು. ಅರ್ಧದಷ್ಟೂ ಬರಲಿಲ್ಲ. ತಪ್ಪು ತನ್ನದೇ ಇರಬೇಕೆಂದು ಮತ್ತೆ ಮತ್ತೆ ಮಾಡಿದಳು. ಕೊನೆಗೆ, ಹೇಗೆ ಕೇಳಬೇಕೆಂದು ವಾರವಿಡೀ ಮಾತು ಜೋಡಿಸಿಕೊಂಡು, ಅವರ ಕೋಣೆಗೆ ಹೋದಳು.

"ಸಾರ್, ಆವತ್ತು ಮಣ್ಣನ್ನ ಯಾವುದರ ಮೇಲೆ ಒಣಗಿಸಿದ್ರಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೊಟ್ಟಿಗೆ ಸೂರಿನ ತಗಡಿನ ಮೇಲೆ," ಎಂದರು.

ತಗಡಿನ ಮೇಲಿರುವುದೇ ಜಿಂಕಿನ ಲೇಪ. ಹಸಿ ಮಣ್ಣು ಅದರ ಮೇಲೆ ಕೂತು ಆ ಲೇಪವನ್ನೇ ಹೀರಿಕೊಂಡಿತ್ತು. ಚಲುವರಾಜು ಕನ್ನಡಕ ಮತ್ತೆ ಹಾಕಿಕೊಂಡರು.

"ತಿದ್ದುಪಡಿ ಬರೆಯೋಣ. ನಿನ್ನ ಹೆಸರೇ ಮೊದಲು. ಒಂಚೂರು ತಡಿ, ನಾನು ಹೇಳ್ತೀನಿ," ಎಂದರು.

ಅವಳು ಕಾದಳು. ಅವರು ಮತ್ತೆ ಆ ಮಾತೆತ್ತಲಿಲ್ಲ. ಅಷ್ಟರಲ್ಲಿ ಹೊರದೇಶದ ಪ್ರಯೋಗಾಲಯವೊಂದು ಆ ಅಂಕಿಗಳು ನಂಬುವಂಥವಲ್ಲ, ಮಣ್ಣಿಗೆ ಲೋಹ ತಾಗಿರಬೇಕು ಎಂದು ಬರೆಯಿತು. ಅಲ್ಲಿಂದಾಚೆ ಮಣ್ಣು ಒಣಗಿಸುವ ಬಗ್ಗೆ ಬರೆದವರೆಲ್ಲ 'ಹೀಗೆ ಮಾಡಿದರೆ ಹೀಗಾಗುತ್ತದೆ' ಎಂದು ಆ ಪ್ರಬಂಧದ ಕಡೆ ಬೆರಳು ತೋರಿಸತೊಡಗಿದರು. ಎಣಿಸುವ ಕಂಪ್ಯೂಟರಿಗೆ ಹೊಗಳಿದ್ದೂ ಒಂದೇ, ಬೈದಿದ್ದೂ ಒಂದೇ. ಒಂದೊಂದು ಬೈಗುಳಕ್ಕೂ ಚಲುವರಾಜು ಅವರ ಲೆಕ್ಕಕ್ಕೆ ಒಂದು ಉಲ್ಲೇಖ ಸೇರಿತು.

ಎರಡು ವರ್ಷದ ಹಿಂದೆ ಯಾವ ವಿಭಾಗದ ಸಂಶೋಧನೆ ಎಷ್ಟು ಎಂದು ಅಳೆಯಲು ವಿಶ್ವವಿದ್ಯಾಲಯ ಸಮಿತಿ ಮಾಡಿತು. ಚಲುವರಾಜು ಅಧ್ಯಕ್ಷರು, ಪ್ರಮೀಳಾ ಕಾರ್ಯದರ್ಶಿ. "ನ್ಯಾಯವಾಗಿ ಅಳೆಯೋದು ಹೇಗೆ ಅಂತ ನೀನೇ ಎತ್ತು. ನಾನು ಬೆಂಬಲಿಸ್ತೀನಿ," ಎಂದಿದ್ದರು ಸಭೆಯ ಹಿಂದಿನ ದಿನ. ಅವಳು ಎತ್ತಿದಳು. ಇತಿಹಾಸದವರು ಕನ್ನಡದಲ್ಲಿ ಪುಸ್ತಕ ಬರೆಯುತ್ತಾರೆ, ನಾವು ಹತ್ತು ಹೆಸರು ಹಾಕಿ ನಾಲ್ಕು ಪುಟ ಬರೆಯುತ್ತೇವೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆಯಾ ವಿಷಯದೊಳಗೇ ಹೋಲಿಸಬೇಕು. ನಮ್ಮನ್ನು ನಾವೇ ಉಲ್ಲೇಖಿಸಿಕೊಂಡಿದ್ದನ್ನು ಬಿಡಬೇಕು. ತುಂಬ ಉಲ್ಲೇಖ ಇರುವ ಪ್ರಬಂಧಗಳನ್ನಾದರೂ, ಏಕೆ ಉಲ್ಲೇಖಿಸಿದ್ದಾರೆಂದು ತೆರೆದು ಓದಬೇಕು.

"ತಪ್ಪಿನ ವಿಷಯ ಪ್ರಮೀಳಾ ಮೇಡಂಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಬಿಡಿ," ಎಂದರು ಯಾರೋ. ಮೇಜಿನ ಸುತ್ತ ಸಣ್ಣ ನಗು ಹಾದುಹೋಯಿತು. ತಾನು ಅತಿ ಕಟ್ಟುನಿಟ್ಟು ಎಂದು ನಗುತ್ತಿದ್ದಾರೆ ಎಂದುಕೊಂಡು ಅವಳೂ ಒಂದಿಷ್ಟು ನಕ್ಕಿದ್ದಳು.

ಚಲುವರಾಜು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. "ಓದ್ತಾ ಕೂರೋಕೆ ಯಾರಿಗ್ರೀ ಪುರುಸೊತ್ತು?" ಎಂದರು. "ಒಟ್ಟು ಸಂಖ್ಯೆ ತಗೊಳ್ಳೋಣ."

ಆ ವರ್ಷದ ಉತ್ತಮ ಸಂಶೋಧಕ ಪ್ರಶಸ್ತಿ ಅವರಿಗೇ ಬಂತು.

*

ದೇಹವನ್ನು ಜಗುಲಿಯ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ತಲೆಯ ಬಳಿ ಅಕ್ಕ ಬೆಟ್ಟಮ್ಮ ಕೂತಿದ್ದಳು. ಅವಳ ಕಣ್ಣೀರು ಬೆಳಿಗ್ಗೆಯೇ ಮುಗಿದಂತಿತ್ತು. ಬಂದವರಿಗೆಲ್ಲ ತಮ್ಮನ ಕತೆ ಹೇಳುತ್ತಿದ್ದಳು. ಪ್ರಮೀಳಾ ಹಾರ ಹಾಕಿ ಪಕ್ಕದಲ್ಲಿ ಕೂತಳು.

"ನೀನು ಇವನ ತಾವ ಓದ್ದೋಳೇನವ್ವ?"

"ಹೂಂ ಅಮ್ಮ."

"ಸಣ್ಣೋನಿದ್ದಾಗ್ಲೂ ಇಂಗೇಯ. ಮಣ್ಣು ಅಂದ್ರೆ ಪ್ರಾಣ ಬುಡ್ತಿದ್ದ. ಮೇಷ್ಟ್ರಾದ್ಮೇಲೂ ಅಷ್ಟೇಯ, ಒಂದ್ಸಲ ಏನ್ ಮಾಡ್ದ ಗೊತ್ತಾ? ಟೆಂಪೋ ತುಂಬ ಕೆಸ್ರು ತಂದು ಅಂಗಳ್ದಾಗೆ ಇಳಿಸ್ಬುಟ್ಟ. 'ಅಕ್ಕ, ಬಿರ್ನೆ ಒಣಗ್ಸಿಕೊಡು' ಅಂದ. ಮಳೆ ಬ್ಯಾರೆ. ಪೇಪರ್ ಮ್ಯಾಲೆ ಹರವುದ್ರೆ ಪೇಪರೇ ನೆಂದು ಮುದ್ದೆ ಆಯ್ತಿತ್ತು. ಕೊಟ್ಗೆಗೆ ಹೊಸ ಜಿಂಕ್ ಶೀಟ್ ಹೊದ್ಸಿದ್ವಿ ಆಗ. ಬಿಸ್ಲು ಬಂದ್ರೆ ಚೆಂದಾಗಿ ಕಾಯ್ತದೆ ಅಂತ ಏಣಿ ಹಾಕ್ಕಂಡು ನಾನೇ ಹತ್ತಿ ಹರವ್ದೆ. ಒಂದೊಂದು ಗುಡ್ಡೇನೂ ಬ್ಯಾರೆಬ್ಯಾರೆ, ಒಂದ್ರ ಚೀಟಿ ಒಂದ್ಕೆ ಹೋಗ್ದಂಗೆ." ಬೆಟ್ಟಮ್ಮ ತಮ್ಮನ ಹಣೆಯ ಮೇಲಿನ ನೊಣ ಓಡಿಸಿದಳು. "ಪ್ರಶಸ್ತಿ ಬಂತಲ್ಲಾ, ಆಗ ಬಂದು ನನ್ ಕಾಲಿಗ್ ಬಿದ್ದ. 'ಎಲ್ಲಾ ನಿನ್ ಕೈಗುಣ ಕಣಕ್ಕ' ಅಂದ."

ಪ್ರಮೀಳಾ ಸತ್ತವರ ಮುಖವನ್ನು ನೋಡಿದಳು. ಮೂಗಿಗೆ ಹತ್ತಿ ಇಟ್ಟಿದ್ದರು. ತಿಳಿದೂ ತಿಳಿದೂ ಈ ಮುದುಕಿಯ ಕಾಲಿಗೆ ಬಿದ್ದು ಬಂದ ಮುಖ ಅದು.

ಅವಳು ಎದ್ದು ಹೋಗಿ ನಿಂಗರಾಜು ಅವರನ್ನು ಕರೆತಂದಳು. ಅವರ ಹಿಂದೆ ಜಾಹಿದ್ ಕೂಡ ಬಂದರು.

"ಅಮ್ಮಾ, ಈಗ ನಂಗೆ ಹೇಳಿದ್ರಲ್ಲ, ಮಣ್ಣು ಹರವಿದ್ದು. ಇವರಿಗೂ ಹೇಳಿ."

ಬೆಟ್ಟಮ್ಮ ಸಂತೋಷದಿಂದಲೇ ಹೇಳಿದಳು. ಏಣಿ, ಜಿಂಕ್ ಶೀಟು, ಬೇರೆ ಬೇರೆ ಗುಡ್ಡೆ, ಒಂದನ್ನೂ ಬಿಡಲಿಲ್ಲ.

"ಆಗ ಕಾಲೇಜಿನ ಹುಡುಗೀರು ಯಾರಾದ್ರೂ ಬಂದಿದ್ರಾ ಇಲ್ಲಿಗೆ?" ಎಂದು ಪ್ರಮೀಳಾ ಕೇಳಿದಳು.

"ಯಾರೂ ಇಲ್ಲ ಕಣವ್ವ. ನಾನು, ಅವನು, ಇಬ್ರೇಯ."

ನಿಂಗರಾಜು ಅವರ ತಲೆಗೆ ಅದು ಹತ್ತಿದ್ದನ್ನು ಪ್ರಮೀಳಾ ಅವರ ಮುಖದಲ್ಲೇ ಕಂಡಳು. ಅವರು ಬೆಟ್ಟಮ್ಮನಿಗೆ ಕೈಮುಗಿದು, ನಾಲ್ಕು ಹೆಜ್ಜೆ ಸರಿದು ನಿಂತರು.

"ಸರಿ ಮೇಡಂ, ಗೊತ್ತಾಯ್ತು."

"ಗೊತ್ತಾಯ್ತಲ್ಲ ಸಾರ್. ನನ್ನ ಮೇಲಿರೋದನ್ನ ತೆಗೀರಿ. ಅಷ್ಟೇ ಕೇಳ್ತಿರೋದು."

"ತೆಗೆದು ಯಾರ ಮೇಲೆ ಹಾಕೋದು? ಅಲ್ಲಿ ಮಲಗಿರೋರ ಮೇಲಾ?" ಅವರು ಸುತ್ತ ನೋಡಿ ದನಿ ಇನ್ನೂ ತಗ್ಗಿಸಿದರು. "ಮುಂದಿನ ತಿಂಗಳು ನಮಗೆ ಗ್ರೇಡ್ ಕೊಡೋ ಪರಿಶೀಲನಾ ತಂಡ ಬರ್ತಿದೆ. ನಮ್ಮ ವಿಭಾಗದ ಉಲ್ಲೇಖದಲ್ಲಿ ಅರ್ಧಕ್ಕರ್ಧ ಅದೊಂದೇ ಪ್ರಬಂಧದ್ದು. ಅದನ್ನ ಕೆದಕಿದ್ರೆ ನಮಗೇನು ಉಳಿಯುತ್ತೆ ಹೇಳಿ. ನಿಮಗೂ ಸೇರಿಸೇ ಹೇಳ್ತಿದೀನಿ."

ಪ್ರಮೀಳಾ ಜಾಹಿದ್ ಕಡೆ ತಿರುಗಿದಳು. ಸಮಿತಿಯ ಮುಂದೆ ಅವಳು ವಾದಿಸಿದ್ದು ಅವರ ವಿಭಾಗಕ್ಕಾಗಿಯೂ ಹೌದು. "ನೀವೂ ಕೇಳಿಸ್ಕೊಂಡ್ರಲ್ಲ ಸಾರ್."

ಜಾಹಿದ್ ಚಪ್ಪಲಿಯ ತುದಿಯಿಂದ ನೆಲ ಕೆರೆದರು. "ನಾನು ಹಿಸ್ಟರಿಯೋನು ಮೇಡಂ. ನಿಮ್ಮ ಮಣ್ಣಿನ ವಿಷಯ ನಂಗೇನು ಗೊತ್ತಾಗುತ್ತೆ? ಮಯ್ಯತ್ ಮನೇಲಿ, ಹೆಣ ಎದುರಿಗಿರುವಾಗ ಇದೆಲ್ಲ..." ಮಾತು ಮುಗಿಸದೆ ಅವರು ತಮಟೆಯವರ ಕಡೆ ಹೋದರು.

ಮನೆಯ ಹಿಂದಿನ ತೋಟದಲ್ಲಿ ಗುಂಡಿ ತೋಡಿದ್ದರು. ಹೆಂಗಸರೂ ಬದುವಿನ ಮೇಲೆ ಬಂದು ನಿಂತರು. ಗುಂಡಿ ತೋಡಿದ್ದ ಬೋರಯ್ಯ ಇನ್ನಿಬ್ಬರೊಡನೆ ದೇಹ ಇಳಿಸಿ ಮೇಲೆ ಬಂದ. ನಿಂಗರಾಜು ಮೈಕು ಹಿಡಿದರು. ಪ್ರಮೀಳಾಳ ಹೆಸರು ಕರೆಯಲಿಲ್ಲ. ಅವಳ ಪಾಲಿನ ಮಾತನ್ನೂ ಅವರೇ ಆಡಿದರು.

"ನಾನೂರು ಉಲ್ಲೇಖ ಅಂದ್ರೆ ಸಾಮಾನ್ಯ ಅಲ್ಲ. ಆದ್ರೆ ಅದಕ್ಕಿಂತ ದೊಡ್ಡದು ಅವರ ಮನಸ್ಸು. ಒಬ್ಬ ವಿದ್ಯಾರ್ಥಿನಿ ಮಾಡಿದ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಂಡು, ಅವಳ ಬದುಕು ಉಳಿಸಿದ್ರು. ಹೆಸರು ನಾನು ಹೇಳಲ್ಲ. ಸಾರ್ ಕೂಡ ಹೇಳ್ತಿರಲಿಲ್ಲ."

ವಿಭಾಗದವರು ಮೊದಲು ತಿರುಗಿ ನೋಡಿದರು. ಅವರು ನೋಡಿದ ಕಡೆಗೆ ಮಿಕ್ಕವರೂ ನೋಡಿದರು. ಬೆಟ್ಟಮ್ಮ ಕೂಡ ಕತ್ತು ನೀಡಿ ನೋಡಿದಳು. ಯಾವ ತಪ್ಪು ಎಂದು ಅವಳಿಗೆ ಗೊತ್ತಾಗಲಿಲ್ಲ.

ಒಬ್ಬೊಬ್ಬರೇ ಬಾಗಿ ಮಣ್ಣೆತ್ತಿ ಗುಂಡಿಗೆ ಹಾಕಿದರು. ನಿಂಗರಾಜು ಹಾಕಿ ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. ಜಾಹಿದ್ ಹಾಕಿದರು. ಬೋರಯ್ಯ ಗುದ್ದಲಿ ಎತ್ತಿಕೊಂಡು, "ಇನ್ಯಾರಾರ ಅವ್ರೇನ್ರವ್ವಾ? ಮುಚ್ಚಾಣ್ವಾ?" ಎಂದು ಕೇಳಿದ.

"ತಡ್ಯಪ್ಪ," ಎಂದಳು ಚಲುವರಾಜು ಅವರ ಹೆಂಡತಿ ಸಿದ್ದಲಿಂಗಮ್ಮ. ಬದುವಿನ ಮೇಲೆ ಕಾಲೆಳೆಯುತ್ತ ಪ್ರಮೀಳಾಳ ಬಳಿಗೆ ಬಂದಳು. "ಬಾರವ್ವ. ಅದೇನು ತಪ್ಪು ಮಾಡಿದ್ಯೋ ನಂಗೊತ್ತಿಲ್ಲ. ಅವ್ರು ಒಂದಿನಾನೂ ನಿನ್ ಮ್ಯಾಲೆ ಕ್ವಾಪ ಮಾಡ್ಕಂಡೋರಲ್ಲ. ಮಗಳಂಗೆ ಇದ್ದೋಳು, ಒಂದಿಡಿ ಮಣ್ಣು ಹಾಕು ಬಾ."

"ನಾನು ಹಾಕಲ್ಲಮ್ಮ," ಎಂದಳು ಪ್ರಮೀಳಾ.

ದನಿ ಮೆಲ್ಲಗಿತ್ತು. ಆದರೂ ಎಲ್ಲರಿಗೂ ಕೇಳಿಸಿತು. ತಮಟೆ ನಿಂತಿತ್ತು.

"ಅಂಗನ್ಬ್ಯಾಡ ಕಣವ್ವ, ಹೋಗೋ ಜೀವಕ್ಕೆ." ಸಿದ್ದಲಿಂಗಮ್ಮ ತಾನೇ ಬಾಗಿ ಒಂದು ಹಿಡಿ ತುಂಬಿ ಅವಳತ್ತ ಚಾಚಿದಳು. "ತಗೋ."

ಪ್ರಮೀಳಾ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಬೋರಯ್ಯ ಗುದ್ದಲಿ ಊರಿ ಕಾದ. ಚಾಚಿದ ಕೈ ಹಾಗೇ ಇತ್ತು. ಮಣ್ಣು ಬೆರಳ ಸಂದಿಯಿಂದ ಸೋರಿ, ಗುಂಡಿಯಿಂದ ದೂರ, ಇಬ್ಬರ ಪಾದಗಳ ನಡುವೆ ಬೀಳುತ್ತಿತ್ತು.