ಚೂರು ಡಬ್ಬಿಗೆ ಬಿದ್ದ ಬಿಸ್ಕತ್ತು

ಆ ಬೇಕರಿಯಲ್ಲಿ ಬ್ರೆಡ್ ಎಷ್ಟು ಮೆತ್ತಗೋ ಅಣ್ಣತಮ್ಮಂದಿರ ಮಾತು ಅಷ್ಟೇ ಗಟ್ಟಿ. ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ಸರ್ಕಾರ ಜನರ ಮತ ಕೇಳಿತ್ತು. ಮತದಾನಕ್ಕೆ ಇನ್ನೂ ಸಮಯವಿತ್ತು, ಆದರೆ ಬೇಕರಿಯೊಳಗೆ ದಿನಾ ಮತದಾನ, ದಿನಾ ಎಣಿಕೆ, ದಿನಾ ಜಗಳ.

ಅಣ್ಣ ಒಲೆ ನೋಡಿಕೊಳ್ಳುವವನು, ತಮ್ಮ ಹಿಟ್ಟು ನಾದುವವನು. ತಮ್ಮ ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವನೇ ಅಲ್ಲ, ಆದರೂ ಬೀದಿಗೆಲ್ಲ ಅವನು ‘ಲಾಯರ್’. ಅಣ್ಣನ ಹೆಂಡತಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುತ್ತಿದ್ದಳು. ಮುಂದೆ ಗಿರಾಕಿಗಳ ಮಾತು, ಹಿಂದೆ ಇವರಿಬ್ಬರ ಮಾತು, ಎರಡಕ್ಕೂ ‘ಹೂಂ’ ಅನ್ನುವುದು ಅವಳ ಪಾಲಿನ ಕೆಲಸ.

“ಅಲ್ಲಣ್ಣಾ, ಜನ ಈಗ ಸೇದ್ತಿಲ್ವಾ? ಕದ್ದು ಸೇದ್ತಾರೆ. ಅದ್ರೊಳಗೆ ಏನು ಬೆರೆಸಿದಾರೋ ಯಾರಿಗೂ ಗೊತ್ತಿಲ್ಲ. ಅಂಗಡೀಲಿ ಸಿಕ್ಕಿದ್ರೆ ಒಳಗೇನಿದೆ ಅಂತ ಪೊಟ್ಟಣದ ಮೇಲೆ ಚೀಟಿ ಇರುತ್ತೆ, ಪರೀಕ್ಷೆ ಆಗಿರುತ್ತೆ. ಯಾವನೋ ಒಬ್ಬ ಸೇದಿದ ಅಂತ ಜೈಲಿಗೆ ಹಾಕಿ ಅವನ ಬದುಕು ಹಾಳು ಮಾಡೋದು ನ್ಯಾಯಾನಾ?”

“ನ್ಯಾಯದ ಮಾತು ಬಿಡು. ಇವತ್ತು ಬಾಗಿಲು ತೆಗೆದ್ರೆ ನಾಳೆ ಸ್ಕೂಲಿನ ಮುಂದೆ ಅಂಗಡಿ ಬರುತ್ತೆ. ವ್ಯಾಪಾರಕ್ಕೆ ಇಳಿದೋರು ಕಡಿಮೆ ತಗೊಳ್ಳಿ ಅಂತ ಹೇಳ್ತಾರಾ? ಬೆಳೆಯೋ ಹುಡುಗರ ತಲೆ ಹಸಿ ಹಿಟ್ಟು ಕಣೋ, ಒತ್ತಿದ ಕಡೆ ಗುಳಿ.”

“ಹಂಗಾದ್ರೆ ಮೊದ್ಲು ಹೆಂಡದಂಗಡಿ ಮುಚ್ಸು!”

“ಅದೇ ನಾನೂ ಹೇಳ್ತಿರೋದು. ಇರೋ ತಲೆನೋವು ಸಾಲ್ದಾ?”

ಮೂಲೆಯಲ್ಲಿ ಕಾಗದದ ಚೀಲ ಮಡಚುತ್ತಿದ್ದ ಅವರ ಅಮ್ಮ ತಲೆಯೆತ್ತದೆ ಹೇಳಿದಳು, “ಮೊದ್ಲು ನಿಮ್ಮಿಬ್ಬರ ಬಾಯಿಗೆ ಒಂದು ಕಾನೂನು ಬರ್ಬೇಕು.”

ಎದುರು ಮನೆಯ ನರ್ಸ್ ಬ್ರೆಡ್ಡಿಗೆ ಬಂದಳೆಂದರೆ ಇಬ್ಬರೂ ಅವಳನ್ನು ತಮ್ಮ ಕಡೆಗೆ ಎಳೆಯುತ್ತಿದ್ದರು. “ನೀವೇ ಹೇಳಿ, ನೀವು ಯಾರ ಕಡೆ?”

“ನಾನು ಬ್ರೆಡ್ ಕಡೆ,” ಎಂದು ಅವಳು ನಗುತ್ತಿದ್ದಳು. ಒಂದು ದಿನ ಮಾತ್ರ ಚೀಲ ಕೈಗೆತ್ತಿಕೊಂಡು ನಿಂತು ಹೇಳಿದಳು, “ಒಪ್ಪಿಗೆ ಕೊಟ್ರೂ, ಕೊಡದಿದ್ರೂ, ತಗೊಂಡು ಬಿದ್ದೋರು ಬರೋದು ಆಸ್ಪತ್ರೆಗೇ. ಬರುವಾಗ ನಿಜ ಹೇಳ್ಕೊಂಡು ಬಂದ್ರೆ ಸಾಕು, ಅರ್ಧ ಕೆಲಸ ಆದಂಗೆ.”

ಗಲ್ಲೆಯಲ್ಲಿದ್ದವಳಿಗೆ ಈ ಮಾತು ಹಿಡಿಸಲಿಲ್ಲ. “ನಿಜ ಹೇಳಿದ್ರೆ ಹಿಂದೇನೇ ಪೊಲೀಸ್ ಬರ್ತಾರಲ್ಲಕ್ಕಾ. ಹೊಟ್ಟೆನೋವು ಅಂತ ಹೇಳಿ ಔಷಧಿ ತಗೊಂಡ್ರೆ ಆಯ್ತಪ್ಪ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಹೊಟ್ಟೆನೋವಿನ ಔಷಧಿಗೆ ಹೊಟ್ಟೆನೋವು ಹೋಗುತ್ತೆ ತಂಗಿ. ಅಮಲು ಹೋಗುತ್ತಾ?” ಎಂದು ನರ್ಸ್ ರಸ್ತೆ ದಾಟಿದಳು.

ಬೇಕರಿಯಲ್ಲಿ ಒಂದು ಪದ್ಧತಿ ಇತ್ತು. ಒಡೆದ ಬಿಸ್ಕತ್ತು ಮಾರುವಂತಿಲ್ಲ, ಎಸೆಯುವಂತೆಯೂ ಇಲ್ಲ. ತಟ್ಟೆಯಲ್ಲಿ ಚೂರು ಕಂಡರೆ ಕಂಡವರು ಗುಡಿಸಿ ಒಂದು ಹಳೇ ಡಬ್ಬಿಗೆ ಹಾಕುತ್ತಿದ್ದರು. ಅದು ಚೂರು ಡಬ್ಬಿ, ಮನೆಯವರ ಪಾಲು. ಹಸಿದವರು ಕೈ ಹಾಕಬೇಕು, ತಿನ್ನಬೇಕು, ಯಾರನ್ನೂ ಕೇಳುವ ಹಾಗಿಲ್ಲ. ಈ ಕೆಲಸಕ್ಕೆ ಯಾರ ಕೈಯೂ ತಲೆಯ ಅಪ್ಪಣೆ ಕಾಯುತ್ತಿರಲಿಲ್ಲ.

ಲಾಯರ್ ಮನಸ್ಸಿನಲ್ಲಿ ಬೇರೆಯೇ ಒಂದು ಲೆಕ್ಕ ಇತ್ತು. ನಾಳೆ ಕಾನೂನು ಬಂದರೆ ಗಾಂಜಾ ಬಿಸ್ಕತ್ತು ಮಾಡುವವರಲ್ಲಿ ತಾನೇ ಮೊದಲಿಗನಾಗಬೇಕು! ಗೆಳೆಯನೊಬ್ಬ ಗಾಂಜಾ ಕುದಿಸಿ ಸೋಸಿದ ಬೆಣ್ಣೆ ತಂದುಕೊಟ್ಟಿದ್ದ. ಅಣ್ಣ ಹೊರಗೆ ಹೋಗಿದ್ದಾಗ ಲಾಯರ್ ಒಂದು ಚಿಕ್ಕ ತಟ್ಟೆ ಬೇಯಿಸಿಯೇಬಿಟ್ಟ. ಅದೇ ಅಚ್ಚು, ಅದೇ ಬಣ್ಣ, ಅದೇ ಸಕ್ಕರೆ. ಇಡೀ ಬಿಸ್ಕತ್ತುಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ. ಒಡೆದವನ್ನು ಬಂದು ಎಸೆದರಾಯಿತು ಎಂದುಕೊಂಡು ಬ್ರೆಡ್ ಹಂಚಲು ಗಾಡಿ ಹತ್ತಿದ.

ಅಣ್ಣ ಬಂದ. ತಟ್ಟೆ ಬೇಕಿತ್ತು, ಎತ್ತಿದ. ಚೂರು ಕಂಡವು, ಡಬ್ಬಿಗೆ ಸುರಿದ.

ಶಾಲೆಯಿಂದ ಅಣ್ಣನ ಮಗಳು ಬಂದಳು. ಕೆನ್ನೆ ನೋಡಿ ಬೀದಿಯವರು ಅವಳಿಗೆ ಇಟ್ಟ ಹೆಸರು ‘ಬನ್ನು’. ಚೀಲ ಬಿಸಾಡಿ, ಡಬ್ಬಿಗೆ ಕೈ ಹಾಕಿ, ಮೈದಾ ಮೂಟೆಯ ಮೇಲೆ ಕೂತು ತಿಂದಳು. ಚೆನ್ನಾಗಿದೆ ಅಂತ ಮತ್ತೆ ತಿಂದಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಕ್ಕಡಿ ನೋಡಿ ನಗತೊಡಗಿದಳು. ನಡೆದರೆ ಗೋಡೆ ಹಿಡಿಯುತ್ತಿದ್ದಳು. “ಇದೇನೇ ನಿನ್ನ ಕುಣಿತ!” ಎಂದು ಅಜ್ಜಿಯೂ ನಕ್ಕಳು. ಹುಡುಗಿ ಮೂಟೆಗೆ ಒರಗಿ ಕಣ್ಣು ಮುಚ್ಚಿದಳು. ಹೋಮ್‌ವರ್ಕ್ ಮಾಡಿಸೋಣ ಎಂದು ತಾಯಿ ಬಂದು ಭುಜ ಅಲುಗಿಸಿದರೆ ತಲೆ ಆ ಕಡೆ ವಾಲಿತು, ಈ ಕಡೆ ತಂದರೆ ಈ ಕಡೆ ವಾಲಿತು. ರೆಪ್ಪೆ ಎತ್ತಿ ನೋಡಿದಳು, ಕಣ್ಣು ಕೆಂಪಗಿತ್ತು.

“ಬನ್ನೂ! ಏಯ್ ಬನ್ನು! ರೀ, ಬನ್ರೀ ಇಲ್ಲಿ!”

“ನರ್ಸಮ್ಮನ್ನ ಕರೀತೀನಿ,” ಎಂದು ಅಜ್ಜಿ ಎದುರು ಮನೆಗೆ ಓಡಿದಳು. ಅದೇ ಹೊತ್ತಿಗೆ ಗಾಡಿ ಬಂದು ನಿಂತಿತು. ಒಳಗೆ ಬಂದ ಲಾಯರ್ ಮೊದಲು ನೋಡಿದ್ದು ಖಾಲಿ ಮೇಜನ್ನು.

“ಅತ್ತಿಗೆ, ಇಲ್ಲಿದ್ದ ತಟ್ಟೆ ಎಲ್ಲಿ? ಅದ್ರಲ್ಲಿ ಚೂರು ಇತ್ತಲ್ಲ?”

“ನಿಮ್ಮಣ್ಣ ಡಬ್ಬಿಗೆ ಹಾಕಿದ್ರು. ಮಗು ಏಳ್ತಿಲ್ಲ ಅಂದ್ರೆ ನಿಂದೊಂದು ತಟ್ಟೆ!”

ಅವನ ಮುಖ ಮೈದಾ ಬಣ್ಣಕ್ಕೆ ತಿರುಗಿತು. ವಿಷಯ ಬಾಯಿಂದ ತುಂಡುತುಂಡಾಗಿ ಬಂತು. ಅಣ್ಣ ಅವನ ಕಾಲರ್ ಹಿಡಿದ, ಹಿಡಿದವನೇ ಬಿಟ್ಟ, ಬಾಗಿಲ ಕಡೆ ನೋಡಿದ.

“ನರ್ಸಮ್ಮನ ಮುಂದೆ ಈ ವಿಷಯ ಬಾಯಿ ಬಿಡಬೇಡಿ,” ಎಂದ ಅಣ್ಣ. “ಇವನು ಒಳಗೆ ಹೋಗ್ತಾನೆ, ಅಂಗಡಿಗೆ ಬೀಗ ಬೀಳುತ್ತೆ.”

“ಹೌದಣ್ಣಾ. ಅಜೀರ್ಣ ಅನ್ನೋಣ. ಮಲಗಿದ್ರೆ ಇಳಿಯುತ್ತೆ.”

ಒಬ್ಬ ಏರಿಗೆ ಎಳೆದರೆ ಇನ್ನೊಬ್ಬ ನೀರಿಗೆ ಎಳೆಯುತ್ತಿದ್ದ ಜೋಡಿ, ಮೊದಲ ಸಲ ಒಂದೇ ದಿಕ್ಕಿಗೆ ಎಳೆಯಿತು. ಗಲ್ಲೆಯವಳು ಬೇಡ ಅನ್ನಲಿಲ್ಲ. ಹೊಟ್ಟೆನೋವು ಅಂದರಾಯ್ತು ಎಂದು ಅವತ್ತು ನರ್ಸಿಗೆ ಹೇಳಿದವಳೂ ಅವಳೇ.

ನರ್ಸ್ ಬಂದಳು. ಮಗುವಿನ ಮೂಗಿನ ಬಳಿ ಕೆನ್ನೆ ತಂದು ಉಸಿರು ನೋಡಿದಳು, ಪಕ್ಕಕ್ಕೆ ತಿರುಗಿಸಿ ಮಲಗಿಸಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು. ಅಜ್ಜಿ ಲೋಟದಲ್ಲಿ ಉಪ್ಪುನೀರು ಹಿಡಿದು ತಂದಿದ್ದಳು.

“ಬೇಡಮ್ಮ. ಎಚ್ಚರ ಇಲ್ಲದೋರ ಬಾಯಿಗೆ ಏನೂ ಹಾಕಬಾರ್ದು, ವಾಂತಿ ಮಾಡಿಸ್ಬಾರ್ದು. ಉಸಿರುನಾಳಕ್ಕೆ ಹೋಗುತ್ತೆ.” ಆಮೇಲೆ ಎಲ್ಲರ ಮುಖ ನೋಡಿ ಕೇಳಿದಳು, “ಏನು ತಿಂದ್ಲು?”

“ದಿನಾ ತಿನ್ನೋದೇ,” ಎಂದ ಅಣ್ಣ.

“ಬಿಸಿಲಿಗೆ ಇರ್ಬೇಕು,” ಎಂದ ಲಾಯರ್.

ನರ್ಸ್ ತಾಯಿಯನ್ನು ನೋಡಿದಳು. ತಾಯಿ ಮಗುವಿನ ಸಾಕ್ಸ್ ಮೇಲಕ್ಕೆ ಎಳೆದಳು.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕಂಡದ್ದು ಎಬ್ಬಿಸಿದರೂ ಏಳದ ಮಗು, ನಿಧಾನವಾಗುತ್ತಿರುವ ಉಸಿರು, ಕಾರಣ ಗೊತ್ತಿಲ್ಲ ಅನ್ನುವ ಮನೆಯವರು. ಡಾಕ್ಟರ್ ಸುತ್ತಿಬಳಸಲಿಲ್ಲ. “ತಲೆಗೆ ಪೆಟ್ಟು ಬಿದ್ದಿರಬಹುದು, ಮಿದುಳಿಗೆ ಸೋಂಕು ಆಗಿರಬಹುದು. ತಲೆ ಸ್ಕ್ಯಾನ್ ಮಾಡ್ಬೇಕು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡ್ಬೇಕು. ಒಪ್ಪಿಗೆ ಕೊಡ್ತೀರಾ?”

ಒಪ್ಪಿಗೆ. ಇಷ್ಟು ದಿನ ಹಗಲೆಲ್ಲ ಕಿವಿಗೆ ಬಿದ್ದ ಮಾತು. ಕೊಡಬೇಕು ಅನ್ನುತ್ತಿದ್ದವನು ಗೋಡೆಗೆ ಒರಗಿ ನಿಂತಿದ್ದ, ಕೊಡಬಾರದು ಅನ್ನುತ್ತಿದ್ದವನು ನೆಲ ನೋಡುತ್ತಿದ್ದ. ಈಗ ಕೇಳಿದ್ದು ತಾಯಿಯನ್ನು. ಟ್ರಾಲಿಯ ಮೇಲೆ ಸೂಜಿಯ ಪೊಟ್ಟಣ ಬಂದಾಗಿತ್ತು. ಮಗುವಿನ ಅಂಗಿಯನ್ನು ಬೆನ್ನ ಮೇಲಿಂದ ಸರಿಸುತ್ತಿದ್ದರು.

“ಇಲ್ಲ,” ಎಂದಳು ತಾಯಿ. “ಗಾಂಜಾ ಹಾಕಿದ ಬಿಸ್ಕತ್ತು ತಿಂದಿದಾಳೆ. ನಮ್ಮ ಬೇಕರೀದು. ನಮ್ಮವರೇ ಮಾಡಿದ್ದು.”

ಡಾಕ್ಟರ್ ಬೈಯಲಿಲ್ಲ, ಹುಬ್ಬೂ ಏರಿಸಲಿಲ್ಲ. “ಎಷ್ಟು ತಿಂದಿದಾಳೆ? ಯಾವಾಗ? ಗಾಂಜಾ ಒಂದೇನಾ, ಬೇರೆ ಏನಾದ್ರೂ ಇತ್ತಾ?”

“ಸ್ಕೂಲಿಂದ ಬಂದ ತಕ್ಷಣ ತಿಂದ್ಲು.” ಉಳಿದದ್ದು ಅವಳಿಗೆ ಗೊತ್ತಿರಲಿಲ್ಲ. ಅವಳು ಮೈದುನನ ಕಡೆ ತಿರುಗಿದಳು. “ಲಾಯರ್ರೇ, ದಿನಾ ಬಾಯಿ ತುಂಬ ಮಾತಾಡ್ತೀಯಲ್ಲ, ಈಗ ಮಾತಾಡು.”

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಬೆಣ್ಣೆ ಎಲ್ಲಿಂದ ಬಂತು, ಎಷ್ಟು ಹಾಕಿದ, ಎಷ್ಟು ಚೂರು ಉಳಿದಿದ್ದವು, ಎಲ್ಲ ಹೇಳಿದ. ಡಾಕ್ಟರ್ ಪೊಟ್ಟಣ ತೆಗೆದುಕೊಂಡು, “ಇದನ್ನ ತಂದಿದ್ದು ಒಳ್ಳೇದಾಯ್ತು,” ಎಂದರು. ಮೂತ್ರ ಪರೀಕ್ಷೆಯೂ ಅದನ್ನೇ ಹೇಳಿತು. ಸೂಜಿಯ ಪೊಟ್ಟಣ ಬಿಚ್ಚದೆಯೇ ವಾಪಸು ಹೋಯಿತು. ಉಸಿರಿಗೆ ಆಮ್ಲಜನಕ ಕೊಟ್ಟು ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು.

ಜೊತೆಗೇ ಬಂದಿದ್ದ ಎದುರು ಮನೆಯ ನರ್ಸ್ ಹೊರಗಿನ ಬೆಂಚಿನಲ್ಲಿ ತಾಯಿಯ ಪಕ್ಕ ಕೂತಳು. “ಸೇದಿದ್ದು ಬೇಗ ತಲೆಗೆ ಹತ್ತುತ್ತೆ ತಂಗಿ. ತಿಂದಿದ್ದು ನಿಧಾನ, ಆದ್ರೆ ಜಾಸ್ತಿ ಹೊತ್ತು ಇರುತ್ತೆ. ದೊಡ್ಡೋರೂ ಇಲ್ಲೇ ಎಡವೋದು. ಏನೂ ಆಗ್ಲಿಲ್ಲವಲ್ಲ ಅಂತ ಇನ್ನೊಂದು ತಿಂತಾರೆ, ಆಮೇಲೆ ಎರಡೂ ಒಟ್ಟಿಗೆ ಏರುತ್ತೆ. ಮಕ್ಕಳ ಮೈಯಂತೂ ತಡೆಯಲ್ಲ.”

“ಮನೇಲೇ ನಿಮ್ಗೆ ಹೇಳ್ಬೇಕಿತ್ತು ಅಕ್ಕ.”

“ಹೇಳಿದ್ಯಲ್ಲ ಈಗ.”

ಮಾರನೇ ಬೆಳಿಗ್ಗೆ ಬನ್ನು ಕಣ್ಣು ಬಿಟ್ಟು ಸುತ್ತ ನೋಡಿದಳು. “ಇವತ್ತು ಸ್ಕೂಲಿಗೆ ರಜಾನಾ?” ಎಂದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅಣ್ಣ ಎದ್ದು ಕಾರಿಡಾರಿಗೆ ಹೋದ.

ಪೊಲೀಸರು ಬರಲಿಲ್ಲ ಎಂದೇನಿಲ್ಲ, ಬಂದರು. ಕಾನೂನು ಇನ್ನೂ ಬದಲಾಗಿರಲಿಲ್ಲ. ಲಾಯರ್ ತಾನೇ ಹೋಗಿ ಠಾಣೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ, ಆಮೇಲೆ ದಂಡ ಕಟ್ಟಿದ. ಬೇಕರಿ ಕೆಲವು ದಿನ ಮುಚ್ಚಿತ್ತು, ತಪಾಸಣೆ ಆದಮೇಲೆ ತೆರೆಯಿತು. ಬಾಗಿಲು ತೆರೆದ ದಿನವೇ ಒಬ್ಬ ಗಿರಾಕಿ ಕೆಣಕಿದ, “ಏನಮ್ಮ, ನಿಜ ಹೇಳಿ ಏನು ಗಿಟ್ಟಿತು?”

“ಮಗಳು ಗಿಟ್ಟಿದಳು,” ಎಂದು ಅವಳು ಚಿಲ್ಲರೆ ಕೊಟ್ಟು ಕಳಿಸಿದಳು.

ವಾದ ಮಾತ್ರ ನಿಂತಿಲ್ಲ. ಅಂಗಡಿ ಇದ್ದು ಚೀಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಲಾಯರ್ ಅನ್ನುತ್ತಾನೆ. ಅಂಗಡಿ ಇದ್ದಿದ್ದರೆ ಇಂಥ ಬಿಸ್ಕತ್ತು ಮನೆಮನೆಯಲ್ಲೂ ಇರುತ್ತಿತ್ತು ಎಂದು ಅಣ್ಣ ಅನ್ನುತ್ತಾನೆ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ಹುರುಳಿದೆ, ಮತ ಹಾಕುವವರು ಎರಡನ್ನೂ ತೂಗಿ ನೋಡಬೇಕು. ಅಜ್ಜಿ ಅಷ್ಟರವರೆಗೆ ಕಾಯಲಿಲ್ಲ. “ದೇಶದ ಕಾನೂನು ಅವರು ಮಾಡ್ಲಿ, ಮನೆ ಕಾನೂನು ನಂದು,” ಎಂದು ಗೋಡೆಯ ಕಪಾಟಿಗೆ ಬೀಗ ತರಿಸಿದಳು. ಹಿರಿಮಗ ಬಚ್ಚಿಟ್ಟಿದ್ದ ಹೆಂಡದ ಬಾಟಲಿ ಅದರೊಳಗೆ ಹೋಯಿತು. “ನಿಂದು ಏನಾದ್ರೂ ಉಳ್ದಿದೆಯೇನೋ ಲಾಯರ್?” ಎಂದು ಕೇಳಿ ಅವನ ಜೇಬನ್ನೂ ತಡಕಿದಳು. ಸೊಸೆ ಸುಮ್ಮನೆ ಅತ್ತೆಯ ದಿಂಬಿನ ಕಡೆ ನೋಡಿದಳು. ಅಜ್ಜಿ ಗೊಣಗಿಕೊಂಡೇ ಹೋಗಿ ದಿಂಬಿನಡಿಯ ನಿದ್ದೆ ಮಾತ್ರೆ ತಂದು ಒಳಗಿಟ್ಟಳು. ಕೀಲಿ ಈಗ ಸೊಸೆಯ ಹತ್ತಿರ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಗಾಂಜಾಕ್ಕೆ ಒಪ್ಪಿಗೆ ಬೇಕು ಅನ್ನುವವರು ನೀವಿರಬಹುದು, ಬೇಡ ಅನ್ನುವವರೂ ಇರಬಹುದು. ಮತ ನಿಮ್ಮದು, ಯೋಚಿಸಿ ಹಾಕಿ. ಆದರೆ ಫಲಿತಾಂಶ ಬರುವ ತನಕ ಕಾಯಬೇಡಿ, ಇವತ್ತೇ ಮನೆಯೊಳಗೆ ಒಂದು ಸುತ್ತು ನೋಡಿ. ಅಮಲು ತರುವ ಯಾವುದೇ ವಸ್ತು, ಹೆಂಡವಾಗಲಿ ಮಾತ್ರೆಯಾಗಲಿ, ಮಕ್ಕಳ ಕೈಗೆ ಎಟುಕಬಾರದು, ತಿಂಡಿಯ ಜೊತೆ ಬೆರೆಯಬಾರದು. ಯಾರಾದರೂ ತಗೊಂಡು ಬಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಂಬುಲೆನ್ಸ್ ಕರೆಯಿರಿ. ಏನು ತಗೊಂಡರು, ಎಷ್ಟು, ಯಾವಾಗ ಅಂತ ಡಾಕ್ಟರ್ ಕೇಳಿದಾಗ ಮುಚ್ಚಿಡದೆ ಹೇಳಿ. ಪೊಲೀಸರಿಗೆ ಆಮೇಲೆ ಉತ್ತರ ಕೊಡಬಹುದು. ಡಾಕ್ಟರಿಗೆ ಉತ್ತರ ಆ ಕ್ಷಣವೇ ಬೇಕು.