ಇಪ್ಪತ್ತೆರಡು ಪ್ರಶ್ನೆಗಳ ಹಾಳೆ

ಗುಬ್ಬಿ ಅಂತ ಕಾಲೇಜೆಲ್ಲ ಕರೆಯುತ್ತಿದ್ದ ಆ ಹುಡುಗಿ ಸಮಾಜಕಾರ್ಯದ ಪುಸ್ತಕಗಳನ್ನು ಅರೆದು ಕುಡಿದಿದ್ದಳು. ಆದರೂ ಮನೆಭೇಟಿಯ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ! ಮೂರನೆಯದೂ ಕೈಕೊಟ್ಟರೆ ಗಂಟುಮೂಟೆ ಕಟ್ಟಬೇಕು. ಕಾಡಿನ ಮೂಲನಿವಾಸಿಗಳಾದ ಅವಳ ಜನರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ.

ಅವಳು ಮಾಡಿದ ತಪ್ಪೇನು ಅಂತೀರಾ? ಅವಳ ಕಡೆ, ಇನ್ನೊಬ್ಬರ ಮನೆಗೆ ಹೋದವರು ಮೊದಲು ತಮ್ಮ ಕಷ್ಟ ಹೇಳಿಕೊಳ್ಳಬೇಕು. ಹೋದ ತಕ್ಷಣ 'ನಿಮಗೇನು ತೊಂದರೆ?' ಅಂತ ಕೇಳುವುದು, ಹೇಳದೆ ಕೇಳದೆ ಅವರ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ. ಕಾಲೇಜಿನಲ್ಲಿ ಇದು ಪೂರ್ತಿ ಉಲ್ಟಾ. ಸ್ವಂತ ಕಥೆಗೆ ಬಾಯಿಬಿಟ್ಟರೆ ಅಂಕ ಹೋಯಿತು. ಪಾಠ ಮಾಡುವ ಮೇಡಂ ಒಳ್ಳೆಯವರೇ, ಆದರೆ ನಿಯಮ ಅಂದರೆ ನಿಯಮ. ಅವರ ಹತ್ತಿರ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಮೂರನೆಯ ಪರೀಕ್ಷೆ ಒಬ್ಬ ದರ್ಜಿ ತಾತನ ಮನೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ತಾತ ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು. ಆಸ್ಪತ್ರೆಯವರು ಐದು ಸಲ ಬಂದು ಕೇಳಿ ಸೋತಿದ್ದರು. ಒಂದೇ ಕೋಣೆಯ ಮನೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು, ಕಿಟಕಿಯಲ್ಲಿ ಮುಟ್ಟದ ಮಾತ್ರೆಗಳ ರಾಶಿ ಬಿದ್ದಿತ್ತು. ಮೇಡಂ ಮೂಲೆಯ ಸ್ಟೂಲಿನಲ್ಲಿ ಪೆನ್ನು ಹಿಡಿದು ಕೂತರು.

"ತಾತ, ಮಾತ್ರೆ ಯಾಕೆ ತಗೊಳ್ತಿಲ್ಲ?"

"ಮರೆತು ಹೋಗುತ್ತೆ."

"ನಿದ್ದೆ?"

"ಬರುತ್ತೆ."

"ಊಟ?"

"ಆಗುತ್ತೆ."

ಕಾಲೇಜು ಕೊಟ್ಟ ಹಾಳೆಯ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಹತ್ತು ಮುಗಿದವು. ತಾತನ ಉತ್ತರ ಒಂದೆರಡು ಮಾತು ದಾಟಲಿಲ್ಲ. ಹೀಗೇ ಕೊನೆತನಕ ಓದಿಬಿಟ್ಟರೆ ಪಾಸು ಖಂಡಿತ, ಅದು ಹುಡುಗಿಗೂ ಗೊತ್ತು. ಆದರೆ ಮಾತ್ರೆಯಿಲ್ಲದೆ ತಾತನ ಪಾದಗಳು ಊದಿಕೊಂಡಿದ್ದವು. ಹಾಳಾಗಿ ಹೋಗಲಿ ಪರೀಕ್ಷೆ! ಅವಳು ಹಾಳೆ ಮಡಚಿ ಚೀಲಕ್ಕೆ ತುರುಕಿದಳು.

"ತಾತ, ನನ್ನ ಪಾಡು ಕೇಳಿ. ಇದೇ ಪರೀಕ್ಷೇಲಿ ಎರಡು ಸಲ ಫೇಲಾಗಿದ್ದೀನಿ. ಅಮ್ಮಂಗೆ ಹೇಳೋಕೆ ಧೈರ್ಯ ಇಲ್ಲ. ಅವಳು ಆಗಲೇ ನಾನು ದೊಡ್ಡ ಆಫೀಸರು ಅಂತ ಡಂಗೂರ ಸಾರಿಬಿಟ್ಟಿದ್ದಾಳೆ. ಮೊನ್ನೆ ಸೋದರಮಾವ ಫೋನ್ ಮಾಡಿ, 'ಆಫೀಸರಮ್ಮ, ನಿಮ್ಮತ್ತೆ ನನ್ನನ್ನ ಬೈಯಬಾರದು ಅಂತ ಒಂದು ಆರ್ಡರ್ ಹೊರಡಿಸು' ಅಂದ್ರು!"

ಮೂಲೆಯಲ್ಲಿ ಪೆನ್ನು ಟಕ್ಕೆಂದು ನಿಂತಿತು.

"ಹೊರಡಿಸಿದ್ಯಾ?" ತಾತ ಕೇಳಿದರು.

"ಅತ್ತೆ ಮುಂದೆ ನನ್ನ ಆರ್ಡರ್ ನಡೆಯುತ್ತಾ, ತಾತ!"

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡ ಮೇಲೆ ದನಿ ತಗ್ಗಿತು. "ನನಗೆ ಓದೋಕೆ ಬರಲ್ಲ ಕಣಮ್ಮ. ಯಾವುದು ಬೆಳಿಗ್ಗೆದು, ಯಾವುದು ರಾತ್ರಿದು ಅಂತ ನನ್ನ ಹೆಂಡ್ತೀನೇ ನೋಡಿ ಕೈಗೆ ಕೊಡೋಳು. ಬಂದೋರೆಲ್ಲ ಓದಿದೋರು. ಅವರ ಮುಂದೆ ಹೇಗೆ ಹೇಳ್ಲಿ? ನಾಚಿಕೆ ಆಗ್ತಿತ್ತು."

ಅಯ್ಯೋ, ಇಷ್ಟೇನಾ! ಹುಡುಗಿ ಡಾಕ್ಟರ ಚೀಟಿ ನೋಡಿಕೊಂಡು, ಬೆಳಗಿನ ಮಾತ್ರೆಯ ಪೊಟ್ಟಣಕ್ಕೆ ಹಳದಿ ದಾರ, ರಾತ್ರಿಯದಕ್ಕೆ ಕಪ್ಪು ದಾರ ಕಟ್ಟಿದಳು. ನಾಳೆ ಜೊತೆಗೇ ಆಸ್ಪತ್ರೆಗೆ ಹೋಗುವುದೆಂದೂ ಮಾತಾಯಿತು.

ತಾತ ಈಗ ಮೂಲೆಯ ಕಡೆ ತಿರುಗಿದರು. "ಈ ಮಗು ತನ್ನ ಕಷ್ಟ ಹೇಳ್ತು, ನಾನೂ ಹೇಳ್ದೆ. ನಿಮ್ಮದೇನಮ್ಮ?"

"ನಾನು ಪರೀಕ್ಷೆ ಮಾಡೋಕೆ ಬಂದವಳು."

"ಪರೀಕ್ಷೆ ಮಾಡೋರಿಗೆ ಕಷ್ಟ ಇರಲ್ವಾ?"

ಮುಗಿಯಿತು ತನ್ನ ಕಥೆ ಅಂದುಕೊಂಡಳು ಹುಡುಗಿ. ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ನನ್ನ ಮಗಳು ಒಂದು ವರ್ಷದಿಂದ ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿದ್ರೆ ನಾನು ಬರೀ ಪ್ರಶ್ನೆ ಕೇಳ್ತೀನಂತೆ."

ತಾತ ಎದ್ದು ಒಂದು ಲೋಟ ನೀರು ತಂದುಕೊಟ್ಟರು. "ಒಂದು ಸಲ ನಿಮ್ಮದನ್ನ ಹೇಳಿ ನೋಡಿ ತಾಯಿ. ಕೇಳೋದು ಆಮೇಲಿದ್ದೇ ಇದೆ."

ಬೀದಿಗೆ ಬಂದ ಮೇಲೆ ಮೇಡಂ ಕನ್ನಡಕ ಹಾಕಿಕೊಂಡರು. "ನಿಯಮದ ಪ್ರಕಾರ ನೀನು ಫೇಲು."

"ಗೊತ್ತು ಮೇಡಂ."

"ಪೂರ್ತಿ ಕೇಳು. ಆ ನಿಯಮ ಬರೆದವಳು ನಾನೇ, ಹೊಡೆದುಹಾಕೋಳೂ ನಾನೇ. ನೀನು ಪಾಸು. ಸೋಮವಾರ ಹೊಸಬರಿಗೆ ಮನೆಭೇಟಿ ಪಾಠ ನೀನೇ ಮಾಡ್ಬೇಕು. ನಾನು ಮುಂದಿನ ಬೆಂಚಲ್ಲಿ ಕೂತು ಬರ್ಕೋತೀನಿ."

ಹುಡುಗಿಗೆ ಕುಣಿಯಬೇಕೆನ್ನಿಸಿತು. ನಡುಬೀದಿಯಲ್ಲೇ ಮೇಡಂ ಕೈ ಹಿಡಿದುಕೊಂಡುಬಿಟ್ಟಳು. ಬಸ್ ನಿಲ್ದಾಣ ಬರುವವರೆಗೂ ಮೇಡಂ ಅದನ್ನು ಬಿಡಿಸಿಕೊಳ್ಳಲಿಲ್ಲ.