ಉಪ್ಪಿಲ್ಲದ ಅಡುಗೆಮನೆ

ಗಾಜಿನ ಬಾಗಿಲಾಚೆ ಕೆಂಪು ಕೊಳವೆ ಅಲುಗಿತು, ಯಂಕಪ್ಪ ತೋಳು ಸರಿಸಿರಬೇಕು, ಅಲುಗಾಡಿಸಬೇಡಿ ಅಂತ ನರ್ಸಮ್ಮ ಎಷ್ಟು ಹೇಳಿದರೂ ಕೇಳುವ ಜೀವವೇ ಅದು, ವರ್ತೂರಿನಲ್ಲಿ ಹನ್ನೊಂದನೇ ಮಹಡಿಗೆ ಸೆಂಟ್ರಿಂಗ್ ಹಲಗೆ ಏರಿಸಿದ ತೋಳು, ಈಗ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು, ರಕ್ತ ತೊಳೆಯುವ ಯಂತ್ರಕ್ಕೆ ಕಟ್ಟಿಹಾಕಿಸಿಕೊಂಡು ಬಿದ್ದಿರುತ್ತದೆ, ಹೊರಗಿನ ಬೆಂಚಿನ ಮೇಲೆ ಹೆಂಡತಿ ಮಲಕವ್ವ, ಅವಳ ಮುಷ್ಟಿಯಲ್ಲಿ ನೂಡಲ್ಸಿನ ಮಸಾಲೆ ಪುಡಿಯ ಪಾಕೀಟು, ಪಥ್ಯದ ಊಟ ಹೇಳಿಕೊಡುವ ರಕ್ಷಿತಾ ಮೇಡಂ ಅದರ ಹಿಂಬದಿ ಓದಿ ಈಗಷ್ಟೇ ವಾಪಸು ಕೊಟ್ಟು ಹೋದರು — ಅಮ್ಮಾ, ಇದ್ರಲ್ಲಿ ಇರೋದು ಅರ್ಧಕ್ಕರ್ಧ ಉಪ್ಪೇ ಅಲ್ವಾ, ಎಷ್ಟು ದಿನದಿಂದ ಹಾಕ್ತಿದೀರಾ? — ದಿನ ಎಲ್ಲಿಯದು, ಎರಡು ವರ್ಷ, ಬೀಪಿ ಇದೆ, ಉಪ್ಪು ಬಿಡಿಸಿ ಅಂತ ಡಾಕ್ಟರು ಹೇಳಿದಂದಿನಿಂದ, ಆದರೆ ಬಾಯಿಗೆ ಬಂದದ್ದು ಬೇರೆ, ಮೊನ್ನಿಂದ ರೀ ಮೇಡಂ, ಮೊನ್ನಿಂದ ಅಷ್ಟ.

ಬಿಡಿಸಿದ್ದಳಲ್ಲ, ಅವತ್ತೇ ಬಿಡಿಸಿದ್ದಳು, ಉಪ್ಪಿನ ಡಬ್ಬಿಯನ್ನೇ ಮನೆ ಓನರ್ ಮುನಿಯಕ್ಕನಿಗೆ ಒಯ್ದಳು, ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದೆಂದು ಮೆಟ್ಟಿಲ ಮೇಲಿಟ್ಟಳು, ಉಪ್ಪಿಲ್ದೆ ಎಂಗಮ್ಮಿ ಉಣ್ತಾನೆ ನಿನ್ ಗಂಡ ಅನ್ನುತ್ತಲೇ ಮುನಿಯಕ್ಕ ಎತ್ತಿಕೊಂಡಳು, ಅವನು ಉಣ್ಣಲಿಲ್ಲ, ಮಣ್ಣ ತಿಂದಂಗ ಆಗತೈತಿ, ಬ್ಯಾಡ ತಗಿ, ಮೂರು ದಿನ ಬಾಯಿಗಿಟ್ಟ ತುತ್ತನ್ನು ಉಗಿದ, ನಾಲ್ಕನೇ ದಿನ ಅವಳಿಗೆ ಹೊಳೆಯಿತು, ಮಂಚದ ಕೆಳಗೆ ಇದ್ದವಲ್ಲ ಪಾಕೀಟುಗಳು, ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ದಿನವಿಡೀ ಅವಳೇ ತುಂಬಿ ಅಂಚು ಅಂಟಿಸುವಂಥವು, ಅಂಚು ಸೊಟ್ಟಾದವನ್ನೂ ಮುರಿದ ನೂಡಲ್ಸನ್ನೂ ಶನಿವಾರ ಗೇಟಿನಲ್ಲಿ ಹೆಂಗಸರಿಗೆ ಚೀಲಗಟ್ಟಲೆ ಹಂಚುತ್ತಿದ್ದರು, ಯಂಕಪ್ಪನ ಬಾಯಲ್ಲಿ ಅದು ಶ್ಯಾವಿಗಿ, ಬೆಳಿಗ್ಗೆ ಶ್ಯಾವಿಗಿ, ಸಂಜೆ ಶ್ಯಾವಿಗಿ, ಮೊದಲು ಐದಕ್ಕೆದ್ದು ರೊಟ್ಟಿ ಬಡಿಯುತ್ತಿದ್ದಳು, ಏನಮ್ಮಿ ಇದು ಡಬಡಬಾ ಅಂತ, ಮೇಲ್ಗಡೆಯೋರು ನೈಟ್ ಡ್ಯೂಟಿ ಮುಗ್ಸಿ ಈಗಿನ್ನೂ ಬಂದು ಮಲಗವ್ರೆ, ಮುನಿಯಕ್ಕ ಬಾಗಿಲಿಗೆ ಬಂದು ನಿಂತ ಮೇಲೆ ರೊಟ್ಟಿಯ ಹಂಚು ಗೋಡೆಗೆ ಒರಗಿತು, ಕುದಿಯುವ ನೀರಿಗೆ ಸಪ್ಪಳವಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ — ಉಪ್ಪು ಅಂದರೆ ಬೆಳ್ಳಗೆ, ಹರಳು ಹರಳು, ಪುಡಿ ಕಂದುಬಣ್ಣದ್ದು, ಎಲ್ಲಿಯೋ ಕಲಸಿ ಡ್ರಮ್ಮಿನಲ್ಲಿ ಬರುವಂಥದ್ದು, ಅದರಲ್ಲಿ ಏನಿದೆ ಎಂದು ತುಂಬುವ ಕೈಗೆ ಹೇಳಿದವರು ಯಾರು, ಅನ್ನಕ್ಕೊಂದು ಪಾಕೀಟು, ಸಾರಿಗೊಂದು, ಮೊಟ್ಟೆಗೆ ಅರ್ಧ, ಈಗ ಇಳೀತು ನೋಡ ಊಟ, ನಮ್ಮಾಕಿ ಒಂದ ಹರಳ ಉಪ್ಪ ಮುಟ್ಟಗೊಡಂಗಿಲ್ರಿ ಅಂತ ಮೇಸ್ತ್ರಿಯ ಮುಂದೆ ಹೊಗಳಿಕೊಂಡ, ಕಾಲು ಊದಿದವು, ಮುಖ ಊದಿತು, ಉಪ್ಪು ಬಿಡಿಸಿದರೂ ಯಾಕೆ ಹೀಗೆ, ತ್ರಾಣ ಬರಲಿ, ನಾಲ್ಕು ತುತ್ತು ಹೆಚ್ಚಿಗೆ ಉಣ್ಣಲಿ ಅಂತ ಅವಳು ಇನ್ನೊಂದು ಪಾಕೀಟು ಹರಿದಳು — ಇದೊಂದರಿಂದ್ಲೇ ಕಿಡ್ನಿ ಹೋಯ್ತು ಅಂತ ಹೇಳಕ್ಕಾಗಲ್ಲಮ್ಮ, ಬೀಪಿ ಮೊದ್ಲೇ ಇತ್ತಲ್ಲ, ಮೊನ್ನಿಂದ ಅಂದದ್ದನ್ನು ನಂಬದ ರಕ್ಷಿತಾ ಮೇಡಂ ಹೋಗುವಾಗ ಹೆಗಲು ಮುಟ್ಟಿ ಹೇಳಿದ್ದರು, ನೀನೇ ಮಾಡಿದ್ದು ಎಂದಾದರೂ ಅಂದಿದ್ದರೆ, ಅಲ್ಲ ಎಂದಾದರೂ ಅಂದಿದ್ದರೆ, ಎರಡೂ ಇಲ್ಲ, ಹೋದ ಕಿಡ್ನಿ ತಿರುಗಿ ಬರುವುದಿಲ್ಲ ಅನ್ನುವುದೊಂದೇ ಗಟ್ಟಿ, ಅವನಿಗೆ ಹೇಳುವುದೋ ಬೇಡವೋ, ಬೈದರೆ ತಡೆದುಕೊಂಡಾಳು, ಹೋಗ್ಲಿ ಬಿಡ, ನೀ ಏನ್ ಮಾಡ್ತಿ ಅಂದುಬಿಟ್ಟರೆ —

ಅಕ್ಕಾ, ಇಲ್ಲಿ ಕೂತಿದೀಯಾ, ಎಲ್ಲೆಲ್ಲಿ ಹುಡುಕೋದು ನಿನ್ನ, ಈಶ್ವರಮ್ಮ ಬಂದಳು, ಒಳಗೆ ಯಂಕಪ್ಪನ ಪಕ್ಕದ ಹಾಸಿಗೆಯಲ್ಲಿರುವ ದಾಸಪ್ಪನ ಹೆಂಡತಿ, ಹೋದ ವಾರ ಇದೇ ಬೆಂಚಿನಲ್ಲಿ, ಉಪ್ಪಿಲ್ದೆ ಒಂದಗುಳೂ ಮುಟ್ತಿಲ್ಲ ಕಣಕ್ಕ ನಮ್ಮನೆಯವ್ರು ಎಂದು ಅತ್ತವಳು, ಹತ್ತು ಪಾಕೀಟು ಕೊಟ್ಟಿದ್ದಳು ಮಲಕವ್ವ, ಚೀಲದಿಂದ ತೆಗೆದು, ಎದೆಯುಬ್ಬಿಸಿ, ಇದರಾಗ ಉಪ್ಪಿಲ್ಲ ತಂಗಿ, ನಾ ನಮ್ಮವರಿಗೆ ಇದನ್ನ ಹಾಕತೀನಿ, ಈಗ ಈಶ್ವರಮ್ಮನ ಮುಖ ಅರಳಿದೆ, ನಿನ್ ಹೊಟ್ಟೆ ತಣ್ಣಗಿರ್ಲಿ ಅಕ್ಕ, ಎಷ್ಟು ತಿಂಗಳಾಗಿತ್ತೋ ಅವ್ರು ಹೊಟ್ಟೆ ತುಂಬ ಉಂಡು, ನೆನ್ನೆ ತಟ್ಟೆ ನೆಕ್ಕಿಬಿಟ್ರು ಕಣಕ್ಕ, ನಕ್ಕು ನಕ್ಕು ಸಾಕಾಯ್ತು ನಂಗೆ, ಇನ್ನೊಂದ್ ಹತ್ತು ಇದ್ರೆ ಕೊಡು — ಹೇಳು ಮಲಕವ್ವ, ಹಾಕಬ್ಯಾಡ ಅನ್ನು, ಯಾಕಕ್ಕ ಅನ್ನುತ್ತಾಳೆ, ಯಾಕೆ ಅಂತ ಹೇಳಿದರೆ ಇವಳು ಒಳಗೆ ಓಡುತ್ತಾಳೆ, ದಾಸಪ್ಪನಿಗೆ ಹೇಳುತ್ತಾಳೆ, ದಾಸಪ್ಪನ ಹಾಸಿಗೆಗೂ ಯಂಕಪ್ಪನ ಹಾಸಿಗೆಗೂ ನಡುವೆ ಒಂದು ಪರದೆ ಅಷ್ಟೆ, ಹೇಳದಿದ್ದರೆ ಇವತ್ತೂ ಇವಳು ಅನ್ನದ ಮೇಲೆ ಉದುರಿಸುತ್ತಾಳೆ, ಕೈಯೊಡ್ಡಿ ನಿಂತಿದ್ದಾಳೆ, ಯಾಕಕ್ಕ, ಖಾಲಿಯಾಯ್ತಾ, ಮಲಕವ್ವ ಬಾಯಿ ತೆರೆದಳು, ತಂಗಿ ಅಂದಳು, ಪಾಕೀಟಿನ ಮುಷ್ಟಿಯನ್ನು ಸೆರಗಿನೊಳಗೆ ಸರಿಸಿದಳು, ಕಣ್ಣ ಮುಂದೆ ಸ್ಟೀಲಿನ ತಟ್ಟೆ, ಎರಡು ಕೈಯಲ್ಲಿ ಎತ್ತಿ ಹಿಡಿದ ತಟ್ಟೆ, ಅದರ ಹಿಂದೆ ಮುಖ ಕಾಣುವುದಿಲ್ಲ, ದಾಸಪ್ಪನೋ ಯಂಕಪ್ಪನೋ, ನಾಲಿಗೆಯೊಂದೇ, ಅಂಚಿಗುಂಟ ಸುತ್ತುತ್ತದೆ, ತಟ್ಟೆ ಹೊಳೆಯುತ್ತದೆ, ಒಂದಗುಳೂ ಉಳಿದಿಲ್ಲ, ನಾಲಿಗೆ ಸುತ್ತುತ್ತದೆ, ತಟ್ಟೆ, ನಾಲಿಗೆ